ನಡು ಕೆಲಸದಲ್ಲಿ ಕಂಪ್ಯೂಟರ್ ತಾನಾಗೇ ಬಂದ್ ಆಗ್ತದಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ರಾಯಚೂರು: ಅರ್ಜಿ ಮುಕ್ಕಾಲು ತುಂಬಿರುತ್ತದೆ. ಮೊಬೈಲ್‌ಗೆ ಒಟಿಪಿ ಬಂದಿರುತ್ತದೆ. ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಅಂಗಡಿಯಲ್ಲಿ ಕರೆಂಟ್ ಹೋಗಿಲ್ಲ, ತಲೆ ಮೇಲಿನ ಫ್ಯಾನ್ ತಿರುಗುತ್ತಲೇ ಇದೆ, ಕಂಪ್ಯೂಟರ್ ಮಾತ್ರ ಬಂದ್. ಮತ್ತೆ ಆನ್ ಆಗಿ, ಇಂಟರ್ನೆಟ್ ಹಿಡಿದು, ಲಾಗಿನ್ ಆಗುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನವೇ ಹೀಗಾದರೆ ಸರದಿಯಲ್ಲಿ ನಿಂತ ವಿದ್ಯಾರ್ಥಿಯ ಗತಿ ಏನು?

ತಹಸೀಲ್ದಾರ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಹಾಲಿನ ಸೊಸೈಟಿ, ಹಳ್ಳಿ ಶಾಲೆಯ ಲ್ಯಾಬ್, ಹೀಗೆ ಎಷ್ಟೋ ಕಡೆ ಹತ್ತು-ಹನ್ನೆರಡು ವರ್ಷ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಅವು ತಾವಾಗೇ ಬಂದ್ ಆಗತೊಡಗಿದರೆ ‘ಹಳೇದಾತು, ಹೊಸದು ತಗೊಳ್ರಿ’ ಎಂಬ ಸಲಹೆ ತಕ್ಷಣ ಬರುತ್ತದೆ. ಆದರೆ ಕಾರಣ ಬಹಳ ಸಲ ಒಂದು ಸೆಟ್ಟಿಂಗ್, ಒಂದು ಮುಷ್ಟಿ ಧೂಳು ಅಥವಾ ಜೀವ ಕಳಕೊಂಡ ಯುಪಿಎಸ್ ಬ್ಯಾಟರಿ ಆಗಿರುತ್ತದೆ. ಯಾವುದು ಎಂದು ತಿಳಿಯಲು ದುಡ್ಡು ಬೇಡ. ಯಂತ್ರ ಹೇಗೆ ಬಂದ್ ಆಗುತ್ತದೆ, ಯಾವಾಗ ಬಂದ್ ಆಗುತ್ತದೆ ಎಂಬುದನ್ನು ಎರಡು ದಿನ ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲ ಕೆಲಸ: ಫೈಲ್ ಕಾಪಿ

ಪದೇಪದೇ ಏಕಾಏಕಿ ಬಂದ್ ಆಗುವ ಯಂತ್ರದಲ್ಲಿ ಹಾರ್ಡ್‌ಡಿಸ್ಕ್‌ಗೆ ಪೆಟ್ಟು ಬೀಳುತ್ತದೆ. ಡಿಸ್ಕ್ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಮುಂದೆ ತೆರೆಯದೇ ಹೋಗಬಹುದು. ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲು ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಕಾಪಿ ಮಾಡಿ. ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಅವುಗಳ ಜತೆಗೆ ಬಳಸಿದ ಫಾಂಟ್‌ಗಳನ್ನೂ ಕಾಪಿ ಮಾಡಿಡಿ. ಫಾಂಟ್ ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಓದಲಾಗದಂತೆ ಕಾಣಬಹುದು.

ವರ್ಡ್ ಬಳಸುವವರು ಆಪ್ಷನ್ಸ್‌ನಲ್ಲಿ ಸೇವ್ ವಿಭಾಗಕ್ಕೆ ಹೋಗಿ ಆಟೊ ರಿಕವರ್ ಅವಧಿಯನ್ನು 10 ನಿಮಿಷದಿಂದ 2 ನಿಮಿಷಕ್ಕೆ ಇಳಿಸಿದರೆ, ರಿಪೇರಿ ಆಗುವವರೆಗಾದರೂ ನಷ್ಟ ಕಡಿಮೆ.

‘ಬಂದ್’ ಅಂದರೆ ಮೂರು ರೀತಿ

‘ಕಂಪ್ಯೂಟರ್ ತಾನಾಗೇ ಬಂದ್ ಆಗ್ತದ’ ಎಂದು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆದರೆ ಇದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿವೆ.

ಒಂದು, ನಿದ್ದೆ. ಪರದೆ ಕಪ್ಪಾಗುತ್ತದೆ, ಫ್ಯಾನ್ ಸದ್ದು ನಿಲ್ಲುತ್ತದೆ, ಆದರೆ ಕ್ಯಾಬಿನೆಟ್ ಮೇಲಿನ ಪುಟ್ಟ ದೀಪ ಮಿಣುಕುತ್ತಿರುತ್ತದೆ ಅಥವಾ ಬಣ್ಣ ಬದಲಿಸಿರುತ್ತದೆ. ಕೀಬೋರ್ಡ್ ಅಥವಾ ಪವರ್ ಬಟನ್ ಒತ್ತಿದರೆ ಬಿಟ್ಟ ಕೆಲಸ ಬಿಟ್ಟಲ್ಲೇ ಸಿಗುತ್ತದೆ. ಇದು ಸೆಟ್ಟಿಂಗ್‌ನ ವಿಷಯ.

ಎರಡು, ಕ್ರಮವಾದ ಶಟ್‌ಡೌನ್. ‘ಶಟಿಂಗ್ ಡೌನ್’ ಎಂಬ ಸಾಲು ಪರದೆ ಮೇಲೆ ಕಾಣಿಸಿಕೊಂಡು, ಪ್ರೋಗ್ರಾಂಗಳು ಮುಚ್ಚಿ, ಆಮೇಲೆ ಬಂದ್ ಆಗುತ್ತದೆ. ಅಂದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಂ ಆದೇಶ ಕೊಟ್ಟಿದೆ.

ಮೂರು, ಏಕಾಏಕಿ ಕಡಿತ. ಸ್ವಿಚ್ ತೆಗೆದಂತೆ ಒಂದೇ ಸಲ ಎಲ್ಲವೂ ನಿಲ್ಲುತ್ತದೆ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಸರಿಯಾಗಿ ಮುಚ್ಚಿರಲಿಲ್ಲ ಎಂಬ ಸೂಚನೆ ಬರಬಹುದು. ಇಲ್ಲಿ ಅನುಮಾನ ಬಿಸಿಯ ಮೇಲೆ ಅಥವಾ ವಿದ್ಯುತ್ ಪೂರೈಕೆಯ ಮೇಲೆ.

ಯಾವ ರೀತಿ ಎಂದು ಗೊತ್ತಾದರೆ ಉಳಿದ ಎರಡನ್ನು ಬಿಟ್ಟು ಒಂದರ ಬೆನ್ನು ಹತ್ತಬಹುದು.

ಕಂಪ್ಯೂಟರೇ ಬರೆದಿಡುವ ದಿನಚರಿ

ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಂದ್ ಆಗಿದ್ದರೆ? ಅದಕ್ಕೂ ದಾರಿ ಇದೆ. ವಿಂಡೋಸ್ ತನ್ನ ಆಗುಹೋಗುಗಳನ್ನೆಲ್ಲ ಈವೆಂಟ್ ವ್ಯೂವರ್‌ನಲ್ಲಿ ಸಮಯ ಸಮೇತ ಬರೆದಿಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಈ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’ ಒತ್ತಿ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ಕಂಪ್ಯೂಟರ್ ಬಂದ್ ಆದ ಹೊತ್ತಿನ ಸಾಲುಗಳಲ್ಲಿ ಈ ಕೆಲವು ಸಂಖ್ಯೆಗಳನ್ನು ಮಾತ್ರ ಹುಡುಕಿ.

1074: ಕ್ರಮವಾದ ಶಟ್‌ಡೌನ್ ಅಥವಾ ರೀಸ್ಟಾರ್ಟ್. ಆದೇಶ ಕೊಟ್ಟ ಪ್ರೋಗ್ರಾಂ ಯಾವುದು, ಯಾವ ಬಳಕೆದಾರರ ಹೆಸರಿನಲ್ಲಿ ಎಂಬುದೂ ಅಲ್ಲೇ ಇರುತ್ತದೆ.

42, ಮೂಲ ಕರ್ನಲ್-ಪವರ್: ಯಂತ್ರ ನಿದ್ದೆಗೆ ಜಾರಿದೆ.

6008: ಹಿಂದಿನ ಸಲ ಅನಿರೀಕ್ಷಿತವಾಗಿ ಬಂದ್ ಆಗಿತ್ತು. ಎಷ್ಟು ಗಂಟೆಗೆ ಎಂಬುದೂ ದಾಖಲಾಗಿರುತ್ತದೆ.

41, ಮೂಲ ಕರ್ನಲ್-ಪವರ್: ಸರಿಯಾಗಿ ಮುಚ್ಚದೆಯೇ ಮತ್ತೆ ಶುರುವಾಗಿದೆ.

41 ನೋಡಿದ ಕೂಡಲೇ ‘ಕರ್ನಲ್ ಕೆಟ್ಟಿದೆ, ವಿಂಡೋಸ್ ಮತ್ತೆ ಹಾಕಬೇಕು’ ಎನ್ನುವವರಿದ್ದಾರೆ. ಅದು ತಪ್ಪು. ಈ ಸಾಲು ಬರೆಯಲಾಗುವುದು ಯಂತ್ರ ಮತ್ತೆ ಆನ್ ಆದ ಮೇಲೆ. ‘ಕಳೆದ ಸಲ ಸರಿಯಾಗಿ ಮುಚ್ಚಿರಲಿಲ್ಲ’ ಎಂದಷ್ಟೇ ಅದರ ಅರ್ಥ. ಕಾರಣ ಅದರಲ್ಲಿ ಇರುವುದಿಲ್ಲ. ವಿವರ ತೆರೆದಾಗ ‘ಬಗ್‌ಚೆಕ್ ಕೋಡ್’ ಎದುರು ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆಯ ದೋಷ, ಅಂದರೆ ಡ್ರೈವರ್ ಅಥವಾ ರ್‍ಯಾಮ್ ಕಡೆ ನೋಡಬೇಕು. ಸೊನ್ನೆ ಇದ್ದರೆ ಹೆಚ್ಚಾಗಿ ಬಿಸಿ ಅಥವಾ ವಿದ್ಯುತ್.

ನೀಲಿ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಅದನ್ನು ನಿಲ್ಲಿಸಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ‘ಅಡ್ವಾನ್ಸ್ಡ್’ ಟ್ಯಾಬ್, ಅಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಸೆಟ್ಟಿಂಗ್ಸ್ ತೆರೆದು, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತು ತೆಗೆಯಿರಿ. ಮುಂದಿನ ಸಲ ನೀಲಿ ಪರದೆ ನಿಂತೇ ಇರುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ರಿಪೇರಿಯವರಿಗೆ ಸುಲಭ.

ನಿದ್ದೆಗೆ ಜಾರುತ್ತಿದ್ದರೆ: ಪವರ್ ಆಪ್ಷನ್ಸ್

ಕಂಟ್ರೋಲ್ ಪ್ಯಾನಲ್‌ನಲ್ಲಿ ‘ಪವರ್ ಆಪ್ಷನ್ಸ್’ ತೆರೆದು, ಗುರುತು ಹಾಕಿರುವ ಪ್ಲಾನ್ ಪಕ್ಕದ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’ ಒತ್ತಿ. ಅಲ್ಲಿ ಎರಡು ಅವಧಿಗಳಿರುತ್ತವೆ. ಮೊದಲನೆಯದು ಪರದೆ ಮಾತ್ರ ಆರುವುದು. ಇದು ಹತ್ತು ನಿಮಿಷ ಇರಲಿ, ಕರೆಂಟ್ ಉಳಿಯುತ್ತದೆ, ಕೆಲಸಕ್ಕೇನೂ ಆಗದು. ಎರಡನೆಯದು ಇಡೀ ಯಂತ್ರ ನಿದ್ದೆ ಮಾಡುವುದು. ಅಂಗಡಿ, ಕಚೇರಿಯ ಕಂಪ್ಯೂಟರಿನಲ್ಲಿ ಇದನ್ನು ‘ನೆವರ್’ ಮಾಡಿ.

ಇದರಲ್ಲಿ ಒಂದು ಮರೆಯಾದ ಮೋಸ ಇದೆ. ನಿದ್ದೆಯಲ್ಲಿರುವ ಯಂತ್ರ ತೆರೆದಿಟ್ಟ ಕೆಲಸವನ್ನು ರ್‍ಯಾಮ್‌ನಲ್ಲಿ ಹಿಡಿದಿರುತ್ತದೆ, ಅದಕ್ಕೆ ಸ್ವಲ್ಪವೇ ಆದರೂ ವಿದ್ಯುತ್ ಬೇಕು. ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಹೋಗುತ್ತಾರೆ, ಕಂಪ್ಯೂಟರ್ ನಿದ್ದೆ ಮಾಡುತ್ತದೆ, ಕರೆಂಟ್ ಹೋಗುತ್ತದೆ, ಯುಪಿಎಸ್ ಕೂಡ ಖಾಲಿಯಾಗುತ್ತದೆ. ವಾಪಸ್ ಬಂದು ನೋಡಿದರೆ ಯಂತ್ರ ಬಂದ್, ಸೇವ್ ಮಾಡದ ಕೆಲಸ ಮಾಯ. ಯಂತ್ರ ಕೆಟ್ಟಿತೆಂದು ಬೈಸಿಕೊಳ್ಳುತ್ತದೆ. ಕರೆಂಟ್ ಆಗಾಗ ಹೋಗುವ ಊರಿನಲ್ಲಿ ನಿದ್ದೆ ಬೇಕೇಬೇಕು ಅನ್ನುವವರು ‘ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್’ನಲ್ಲಿ ‘ಸ್ಲೀಪ್’ ಕೆಳಗಿನ ‘ಹೈಬ್ರಿಡ್ ಸ್ಲೀಪ್’ ಆನ್ ಮಾಡಬೇಕು. ಆಗ ಕೆಲಸದ ಒಂದು ಪ್ರತಿ ಡಿಸ್ಕ್‌ನಲ್ಲೂ ಉಳಿಯುತ್ತದೆ.

ಕೆಲವು ಹಳೆಯ ಯಂತ್ರಗಳು ನಿದ್ದೆಗೆ ಹೋದರೆ ಏಳುವುದೇ ಇಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿದಾಗ ಗ್ರಾಫಿಕ್ಸ್ ಡ್ರೈವರ್ ಹೊಂದದೆ ಹೀಗಾಗಬಹುದು. ಸರಿಯಾದ ಡ್ರೈವರ್ ಸಿಗದಿದ್ದರೆ ನಿದ್ದೆಯನ್ನೇ ತೆಗೆದುಬಿಡುವುದು ಸುಲಭದ ದಾರಿ.

ಮತ್ತೊಂದು ಸಣ್ಣ ವಿಷಯ ಕೀಬೋರ್ಡ್. ಹಳೆಯ ಕೆಲವು ಕೀಬೋರ್ಡ್‌ಗಳಲ್ಲಿ ಬಾಣದ ಗುರುತಿನ ಕೀಗಳ ಮೇಲೆಯೇ ಪವರ್, ಸ್ಲೀಪ್, ವೇಕ್ ಎಂಬ ಮೂರು ಕೀಗಳಿರುತ್ತವೆ. ಅವಸರದಲ್ಲಿ ಬೆರಳು ತಾಗಿದರೆ ಸಾಕು, ಕಂಪ್ಯೂಟರ್ ಬಂದ್. ಪವರ್ ಆಪ್ಷನ್ಸ್‌ನ ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ತೆರೆದು, ಪವರ್ ಮತ್ತು ಸ್ಲೀಪ್ ಬಟನ್ ಎರಡಕ್ಕೂ ‘ಡು ನಥಿಂಗ್’ ಕೊಟ್ಟರೆ ಈ ಕಾಟ ತಪ್ಪುತ್ತದೆ. ಅನಿವಾರ್ಯ ಸಂದರ್ಭದಲ್ಲಿ ಕ್ಯಾಬಿನೆಟ್‌ನ ಪವರ್ ಬಟನ್ ಅನ್ನು ಸುಮಾರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಆಗಲೂ ಬಂದ್ ಆಗುತ್ತದೆ.

ಆದೇಶ ಕೊಟ್ಟಿದ್ದು ಯಾರು?

1074 ಕಂಡರೆ ಅಲ್ಲಿ ಬರೆದಿರುವ ಪ್ರೋಗ್ರಾಂ ಹೆಸರು ನೋಡಿ. ಸಾಮಾನ್ಯವಾಗಿ ಇವುಗಳಲ್ಲಿ ಒಂದು ಇರುತ್ತದೆ.

ವಿಂಡೋಸ್ ಅಪ್‌ಡೇಟ್: ಇದು ರೀಸ್ಟಾರ್ಟ್ ಮಾಡಿಸುತ್ತದೆ. ವಿಂಡೋಸ್ 10ರಲ್ಲಿ ಅಪ್‌ಡೇಟ್ ಸೆಟ್ಟಿಂಗ್‌ನ ‘ಆಕ್ಟಿವ್ ಅವರ್ಸ್’ ಜಾಗದಲ್ಲಿ ಅಂಗಡಿ ತೆರೆದಿರುವ ಹೊತ್ತು ಕೊಟ್ಟರೆ ಆ ಅವಧಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಟಾಸ್ಕ್ ಶೆಡ್ಯೂಲರ್: ಶಾಲೆ ಲ್ಯಾಬ್‌ಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ ಹಿಂದೆ ಯಾರೋ ‘ಸಂಜೆ 6ಕ್ಕೆ ಬಂದ್’ ಎಂದು ಹೊಂದಿಸಿಟ್ಟು ಹೋಗಿರುತ್ತಾರೆ. ಅದೇ ಯಂತ್ರ ಕೈ ಬದಲಾಗಿ ಅಂಗಡಿಗೆ ಬಂದಾಗ ಕಾರಣ ಯಾರಿಗೂ ಗೊತ್ತಿರುವುದಿಲ್ಲ. ದಿನಾ ಒಂದೇ ಹೊತ್ತಿಗೆ ಬಂದ್ ಆಗುತ್ತಿದ್ದರೆ ಮೊದಲು ಇಲ್ಲಿ ನೋಡಿ. ಬಂದ್ ಆಗಲು ಎಣಿಕೆ ಶುರುವಾಗಿದೆ ಎಂಬ ಸೂಚನೆ ಪರದೆ ಮೇಲೆ ಬಂದರೆ ರನ್ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಶಟ್‌ಡೌನ್ ಎಂದು ಒಂದೇ ಪದವಾಗಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಮತ್ತು ‘ಎ’ ಅಕ್ಷರ ಸೇರಿಸಿ ಎಂಟರ್ ಒತ್ತಿದರೆ ಆ ಸಲಕ್ಕೆ ರದ್ದಾಗುತ್ತದೆ.

ಪರೀಕ್ಷಾರ್ಥ ವಿಂಡೋಸ್: ವಿಂಡೋಸ್ ಎಂಟರ್‌ಪ್ರೈಸ್‌ನ ಇವ್ಯಾಲ್ಯುಯೇಶನ್ ಆವೃತ್ತಿ 90 ದಿನದ ಮಟ್ಟಿಗೆ ಮಾತ್ರ. ಅವಧಿ ಮುಗಿದ ಮೇಲೆ ಅದು ಗಂಟೆಗೊಮ್ಮೆ ತಾನಾಗೇ ಬಂದ್ ಆಗುತ್ತದೆ. ಸರಿಯಾಗಿ ತಾಸಿಗೊಮ್ಮೆ ಬಂದ್ ಆಗಿ, ಪರದೆಯ ಬಲ ಮೂಲೆಯಲ್ಲಿ ಲೈಸೆನ್ಸ್ ಮುಗಿದ ಸಾಲು ಕಂಡರೆ ಇದೇ ಕಾರಣ. ಯಂತ್ರ ಬಿಚ್ಚಿ ಉಪಯೋಗವಿಲ್ಲ. ಸರಿಯಾದ ಲೈಸೆನ್ಸ್ ಇರುವ ವಿಂಡೋಸ್ ಹಾಕಿಸಬೇಕು.

ಯುಪಿಎಸ್ ಜೋಡಣೆ: ಕೆಲವು ಯುಪಿಎಸ್‌ಗಳಿಂದ ಕಂಪ್ಯೂಟರಿಗೆ ಯುಎಸ್‌ಬಿ ವೈರ್ ಹಾಕಿರುತ್ತಾರೆ. ಆಗ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿಯಂತೆ ಲೆಕ್ಕ ಹಾಕುತ್ತದೆ. ಬ್ಯಾಟರಿ ಹಳೆಯದಾಗಿ ಕೂಡಲೇ ‘ಕ್ರಿಟಿಕಲ್’ ಮಟ್ಟಕ್ಕೆ ಇಳಿದರೆ ಕಂಪ್ಯೂಟರನ್ನೂ ಮುಚ್ಚುತ್ತದೆ.

ಬಿಸಿಲಿಗೆ ಯಂತ್ರವೂ ಬಸವಳಿಯುತ್ತದೆ

ಏಕಾಏಕಿ ಕಡಿತವಾದರೆ ಈ ಜಿಲ್ಲೆಯಲ್ಲಿ ಮೊದಲ ಅನುಮಾನ ಬಿಸಿಯ ಮೇಲೆ. ಎಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಅಂಗಡಿಯೊಳಗೆ ಇನ್ನೂ ಹೆಚ್ಚು. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಡಿಸೆಂಬರಿನಲ್ಲಿ ಕೋಣೆ 25 ಡಿಗ್ರಿ ಇದ್ದಾಗ 65 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್, ಕೋಣೆ 42 ಡಿಗ್ರಿ ಆದಾಗ ಅದೇ ಕೆಲಸಕ್ಕೆ 82ರ ಆಸುಪಾಸಿಗೆ ಏರುತ್ತದೆ. ಅದರ ಮೇಲೆ ಧೂಳು ಕೂತಿದ್ದರೆ ಮಿತಿ ದಾಟುತ್ತದೆ. ಮಿತಿ ಎಷ್ಟು ಎಂಬುದು ಮಾದರಿ ನೋಡಿ ಬೇರೆ. ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದು 100 ಡಿಗ್ರಿ ಆಸುಪಾಸು. ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸಿ ನೋಡುತ್ತದೆ. ಆಗಲೂ ತಣಿಯದಿದ್ದರೆ ಸುಟ್ಟು ಹೋಗದಂತೆ ವಿದ್ಯುತ್ತನ್ನೇ ಕಡಿಸುತ್ತದೆ. ಆ ಕಡಿತ ಯಂತ್ರದ ಆತ್ಮರಕ್ಷಣೆ.

ಬಿಸಿಯ ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಕೈಕೊಡುತ್ತದೆ. ಮೊದಲು ನಿಧಾನವಾಗಿ, ಫ್ಯಾನ್ ಸದ್ದು ಜೋರಾಗಿ, ಆಮೇಲೆ ಬಂದ್. ಕೂಡಲೇ ಆನ್ ಮಾಡಿದರೆ ಮತ್ತೆ ಬೇಗ ಬಂದ್ ಆಗುತ್ತದೆ, ಅರ್ಧ ತಾಸು ಬಿಟ್ಟರೆ ಸ್ವಲ್ಪ ಹೊತ್ತು ನಡೆಯುತ್ತದೆ.

ಖಚಿತ ಮಾಡಿಕೊಳ್ಳಲು, ಬಂದ್ ಆದ ತಕ್ಷಣ ಆನ್ ಮಾಡಿ ಬಯೋಸ್‌ಗೆ ಹೋಗಿ. ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ತೆರೆಯುತ್ತದೆ. ‘ಪಿಸಿ ಹೆಲ್ತ್ ಸ್ಟೇಟಸ್’ ಅಥವಾ ‘ಹಾರ್ಡ್‌ವೇರ್ ಮಾನಿಟರ್’ ಪುಟದಲ್ಲಿ ಸಿಪಿಯು ಉಷ್ಣಾಂಶ, ಫ್ಯಾನ್ ವೇಗ ಎರಡೂ ಇರುತ್ತವೆ. ಏನೂ ಕೆಲಸವಿಲ್ಲದೆಯೇ 80ರ ಹತ್ತಿರ ತೋರಿಸುತ್ತಾ ಏರುತ್ತಲೇ ಇದ್ದರೆ, ಅಥವಾ ಫ್ಯಾನ್ ವೇಗ ಸೊನ್ನೆ ಇದ್ದರೆ ಬೇರೆ ಸಾಕ್ಷಿ ಬೇಡ.

ಧೂಳು ತೆಗೆಯುವ ಕ್ರಮ: ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟನ್ನು ಹೊರಗೆ ಒಯ್ದು ಪಕ್ಕದ ತಗಡು ಬಿಚ್ಚಿ. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ ಹತ್ತಿರದ ಅಂಗಡಿಗಳಲ್ಲಿ ಹೀಟ್‌ಸಿಂಕ್ ಎಲೆಗಳ ನಡುವೆ ನೂಲು, ಹೊಟ್ಟು, ಧೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ. ಒಣಗಿದ ಮೆದು ಪೇಂಟ್ ಬ್ರಷ್‌ನಿಂದ ಬಿಡಿಸಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರಿನ ತೇವ, ಎಣ್ಣೆ ಇರಬಹುದು, ಅದು ಬೇಡ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ಹಳೆಯ ಇಂಟೆಲ್ ಡೆಸ್ಕ್‌ಟಾಪ್‌ಗಳ ಹೀಟ್‌ಸಿಂಕ್ ನಾಲ್ಕು ಪ್ಲಾಸ್ಟಿಕ್ ಗೂಟಗಳ ಮೇಲೆ ನಿಂತಿರುತ್ತದೆ. ಒಂದು ಸಡಿಲವಾದರೂ ಹೀಟ್‌ಸಿಂಕ್ ಒಂದು ಕಡೆ ಎದ್ದು ಬಿಸಿ ಸಾಗುವುದಿಲ್ಲ. ಮೆತ್ತಗೆ ಅಲ್ಲಾಡಿಸಿ ನೋಡಿ. ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದಂತೆ ಆಗಿರಬಹುದು. ಅದನ್ನು ಒರೆಸಿ ಹೊಸದಾಗಿ ಹಚ್ಚಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಅಲ್ಲಿಯವರೆಗೆ ತಾತ್ಕಾಲಿಕ ಉಪಾಯ ಒಂದಿದೆ. ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’, ಅದರೊಳಗೆ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇರುವುದನ್ನು 80ಕ್ಕೆ ಇಳಿಸಿ. ವೇಗ ಸ್ವಲ್ಪ ತಗ್ಗುತ್ತದೆ, ಬಿಸಿಯೂ ತಗ್ಗುತ್ತದೆ. ಅರ್ಜಿ ತುಂಬುವ, ಟೈಪಿಂಗ್ ಮಾಡುವ ಕೆಲಸಕ್ಕೆ ಇದು ಸಾಕು.

ಯುಪಿಎಸ್, ಇನ್ವರ್ಟರ್, ಪ್ರಿಂಟರ್

ಬಿಸಿ ಇಲ್ಲ, ಆದರೂ ಕಡಿತ ಆಗುತ್ತಿದೆ ಎಂದಾದರೆ ವಿದ್ಯುತ್ ಬರುವ ದಾರಿಯನ್ನು ಗೋಡೆಯಿಂದ ಶುರು ಮಾಡಿ ಒಂದೊಂದಾಗಿ ನೋಡಬೇಕು.

ಕರೆಂಟ್ ಹೋದ ಕ್ಷಣದಲ್ಲೇ ಬಂದ್ ಆದರೆ ಯುಪಿಎಸ್ ಬ್ಯಾಟರಿ ಸತ್ತಿದೆ ಎಂದೇ ತಿಳಿಯಿರಿ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರ್ ಆಸುಪಾಸಿನ ಸೀಲ್ಡ್ ಬ್ಯಾಟರಿ ಇರುತ್ತದೆ. ಎರಡು-ಮೂರು ವರ್ಷಕ್ಕೆ ಅದರ ಕಸುವು ಕುಗ್ಗುತ್ತದೆ, ಬಿಸಿಲು ಹೆಚ್ಚಿದ್ದಲ್ಲಿ ಇನ್ನೂ ಬೇಗ. ಪರೀಕ್ಷೆ ಕಂಪ್ಯೂಟರ್ ಮೇಲೆ ಮಾಡ್ಬೇಡಿ. ಯುಪಿಎಸ್‌ಗೆ 60 ವ್ಯಾಟ್ ಹಳೆ ಬಲ್ಬ್ ಒಂದನ್ನು ಜೋಡಿಸಿ, ಗೋಡೆಯ ಸ್ವಿಚ್ ತೆಗೆಯಿರಿ. ಬಲ್ಬ್ ಕೂಡಲೇ ಆರಿದರೆ ಅಥವಾ ಒಂದೆರಡು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಇಡೀ ಯುಪಿಎಸ್ ಬದಲಿಸುವ ಅಗತ್ಯ ಹೆಚ್ಚಿನ ಸಲ ಇರುವುದಿಲ್ಲ.

ಮನೆಯ ಇನ್ವರ್ಟರ್‌ನಿಂದ ಕಂಪ್ಯೂಟರ್ ನಡೆಸುವವರು ಅದರ ಹಿಂದೆ ಅಥವಾ ಮುಂದೆ ಇರುವ ಸ್ವಿಚ್ ನೋಡಿ. ಅನೇಕ ಇನ್ವರ್ಟರ್‌ಗಳಲ್ಲಿ ‘ಯುಪಿಎಸ್’ ಮತ್ತು ‘ಎಕೊ’ ಅಥವಾ ‘ನಾರ್ಮಲ್’ ಎಂಬ ಎರಡು ಸ್ಥಾನಗಳಿರುತ್ತವೆ. ಕಂಪ್ಯೂಟರಿನ ಎಸ್‌ಎಂಪಿಎಸ್ ವಿದ್ಯುತ್ ಇಲ್ಲದೆ ತಡೆದುಕೊಳ್ಳುವುದು ಸೆಕೆಂಡಿನ ಸಾವಿರದಲ್ಲಿ 16-17 ಪಾಲು ಮಾತ್ರ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಪೂರ್ತಿ ಸುತ್ತಿಗೇ 20 ಪಾಲು ಬೇಕು. ಅಂದರೆ ಒಂದು ಸುತ್ತೂ ಮುಗಿಯುವ ಮೊದಲೇ ಇನ್ವರ್ಟರ್ ಕೈಗೆತ್ತಿಕೊಳ್ಳಬೇಕು. ‘ನಾರ್ಮಲ್’ ಸ್ಥಾನದಲ್ಲಿ ಅಷ್ಟು ಚುರುಕು ಇರುವುದಿಲ್ಲ. ಲೈಟ್ ಒಮ್ಮೆ ಮಿಣುಕುತ್ತದೆ, ಫ್ಯಾನ್‌ಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಬಂದ್. ಸ್ವಿಚ್ ಅನ್ನು ‘ಯುಪಿಎಸ್’ ಕಡೆ ತಿರುಗಿಸಿದರೆ ಎಷ್ಟೋ ಕಡೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಪ್ರಿಂಟ್ ಕೊಟ್ಟಾಗಲೇ ಬಂದ್ ಆಗುತ್ತಿದ್ದರೆ ಲೇಸರ್ ಪ್ರಿಂಟರ್ ಅದೇ ಯುಪಿಎಸ್‌ಗೆ ಜೋಡಣೆಯಾಗಿದೆಯೇ ನೋಡಿ. ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಪ್ರಿಂಟರ್‌ನೊಳಗಿನ ರೋಲರ್ ಕಾಯಬೇಕು, ಆಗ ಅದು ಒಂದೇ ಸಲಕ್ಕೆ ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ಅಷ್ಟು ಭಾರ ಹೊರಲಾರದೆ ಕೈಚೆಲ್ಲುತ್ತದೆ. ಲೇಸರ್ ಪ್ರಿಂಟರ್, ಝೆರಾಕ್ಸ್ ಯಂತ್ರಗಳನ್ನು ನೇರ ಗೋಡೆಯ ಪ್ಲಗ್‌ಗೆ ಕೊಡಿ. ಯುಪಿಎಸ್‌ನಲ್ಲಿ ಕಂಪ್ಯೂಟರ್, ಮಾನಿಟರ್, ಇಂಟರ್ನೆಟ್ ರೂಟರ್ ಇಷ್ಟೇ ಸಾಕು.

ಯುಪಿಎಸ್ ಮೇಲೆ ಅನುಮಾನ ಬಗೆಹರಿಯದಿದ್ದರೆ ಅದನ್ನು ತಪ್ಪಿಸಿ ಒಂದು ದಿನ ಕಂಪ್ಯೂಟರನ್ನು ನೇರ ಗೋಡೆಯ ಪ್ಲಗ್‌ನಿಂದ ನಡೆಸಿ ನೋಡಿ. ಬಂದ್ ಆಗದಿದ್ದರೆ ಕಳ್ಳ ಸಿಕ್ಕಂತೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಮುಂದುವರಿಯುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್

ನೇರ ಪ್ಲಗ್‌ನಲ್ಲೂ ಬಂದ್ ಆದರೆ ಸರದಿ ಎಸ್‌ಎಂಪಿಎಸ್‌ನದು. ಮೊದಲು ಹಿಂಬದಿಯ ಪವರ್ ಕಾರ್ಡ್ ಸಡಿಲವಾಗಿದೆಯೇ ನೋಡಿ. ಕಾಲು ತಾಗಿದಾಗ, ಟೇಬಲ್ ಅಲ್ಲಾಡಿದಾಗ ಬಂದ್ ಆಗುವುದು ಇದರಿಂದಲೇ. ಕಾರ್ಡ್ ಬದಲಿಸಿ ನೋಡುವುದಕ್ಕೆ ಖರ್ಚಿಲ್ಲ.

ಬಯೋಸ್‌ನ ಅದೇ ಪುಟದಲ್ಲಿ ವೋಲ್ಟೇಜ್‌ಗಳೂ ಇರುತ್ತವೆ. 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ, 5 ವೋಲ್ಟ್ ಸಾಲು 4.75ರಿಂದ 5.25ರೊಳಗೆ ಇರಬೇಕು. ಅದರಾಚೆ ಹೋಗಿದ್ದರೆ ಎಸ್‌ಎಂಪಿಎಸ್ ದುರ್ಬಲ. ಬಯೋಸ್‌ನಲ್ಲಿ ಸರಿ ಕಂಡರೂ ಭಾರ ಬಿದ್ದಾಗ ಕುಸಿಯುವುದುಂಟು. ಹಾಗಾಗಿ ಸರಿಯಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ನಂಬಿಕೆಯ ಪರೀಕ್ಷೆ.

ಆನ್ ಆದ ನಾಲ್ಕೈದು ಸೆಕೆಂಡಿಗೇ ಪ್ರತಿ ಸಲ ಬಂದ್ ಆಗುತ್ತಿದೆಯೇ? ಮುಂಭಾಗದ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು. ಬಟನ್ ಒತ್ತಿ ಹಿಡಿದಂತೆಯೇ ಯಂತ್ರ ತಿಳಿಯುತ್ತದೆ. ಬಟನ್ ಸುತ್ತ ಜಿಡ್ಡು, ಧೂಳು ತೆಗೆದು ಸಲೀಸಾಗಿ ಮೇಲೆ ಬರುತ್ತದೆಯೇ ನೋಡಿ. ಇಂಥದ್ದಕ್ಕೆ ಮದರ್‌ಬೋರ್ಡ್ ಬದಲಿಸಿದರೆ ದುಡ್ಡು ನೀರಿನಲ್ಲಿಟ್ಟಂತೆ.

ಮದರ್‌ಬೋರ್ಡ್ ಮೇಲೆ ಪುಟ್ಟ ಡಬ್ಬಿಯಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ದ್ರವ ಸೋರಿದ್ದರೆ ಅವು ಕೆಟ್ಟಿವೆ. ಬೆಸುಗೆ ಬಲ್ಲ ಮೆಕ್ಯಾನಿಕ್ ಬದಲಿಸಿಕೊಡುತ್ತಾರೆ.

ಗಡಿಯಾರ ಪ್ರತಿ ದಿನ ಹಿಂದಕ್ಕೆ ಹೋಗುತ್ತಿದ್ದರೆ, ಬಯೋಸ್ ಸೆಟ್ಟಿಂಗ್ ಮರೆತುಹೋಗುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸಿಆರ್ 2032 ಸೆಲ್ ಮುಗಿದಿದೆ. ಅದರಿಂದ ನಡು ಕೆಲಸದಲ್ಲಿ ಬಂದ್ ಆಗುವುದಿಲ್ಲ. ಆದರೆ ದಿನಾಂಕ ತಪ್ಪಿದರೆ ಸರ್ಕಾರಿ ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಎಂದು ತೆರೆಯದೇ ಹೋಗುತ್ತವೆ. ಕರೆಂಟ್ ಬಂದ ಮೇಲೆ ಯಂತ್ರ ತಾನಾಗಿ ಆನ್ ಆಗಬೇಕೋ ಬೇಡವೋ ಎಂಬ ಆಯ್ಕೆಯೂ ಬಯೋಸ್‌ನ ಪವರ್ ವಿಭಾಗದಲ್ಲೇ ಇದೆ. ಕರೆಂಟ್ ಹತ್ತು ಸಲ ಹೋಗಿ ಬರುವಲ್ಲಿ ಅದು ಆಫ್ ಇರುವುದೇ ಕ್ಷೇಮ.

ಲ್ಯಾಪ್‌ಟಾಪ್ ಆದರೆ

ಹಳೆಯ ಲ್ಯಾಪ್‌ಟಾಪ್ 40 ಪರ್ಸೆಂಟ್ ತೋರಿಸುತ್ತಲೇ ಬಂದ್ ಆದರೆ ಬ್ಯಾಟರಿ ಸವೆದಿದೆ, ತೋರಿಸುವ ಲೆಕ್ಕವೂ ಸುಳ್ಳು. ವಿಂಡೋಸ್ 8 ಮತ್ತು ನಂತರದವುಗಳಲ್ಲಿ ‘ಬ್ಯಾಟರಿ ರಿಪೋರ್ಟ್’ ತೆಗೆಯಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್ ಪದದ ಬೆನ್ನಿಗೇ ಸಿ, ಎಫ್, ಜಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ, ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿ ರಿಪೋರ್ಟ್ ಎಂದು ಕೂಡಿಸಿ ಬರೆದು ಎಂಟರ್ ಒತ್ತಿ. ವರದಿ ಎಲ್ಲಿ ಸೇವ್ ಆಯಿತು ಎಂದು ಪರದೆಯೇ ಹೇಳುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಹೊಸದಿದ್ದಾಗಿನ ಶಕ್ತಿ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಈಗಿನದು. ಈಗಿನದು ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಸಮಯ. ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ಮಾತ್ರ ಕಾಯಬೇಡಿ. ಕೂಡಲೇ ಬಳಕೆ ನಿಲ್ಲಿಸಿ, ಚುಚ್ಚದೆ, ಒತ್ತದೆ ಅಂಗಡಿಗೆ ಒಯ್ಯಿರಿ.

ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಿದರೆ ಗಾಳಿ ಹೋಗುವ ಕೆಳಗಿನ ಕಿಂಡಿ ಮುಚ್ಚಿ ಬಿಸಿಯಿಂದ ಬಂದ್ ಆಗುತ್ತದೆ. ಮರದ ಹಲಗೆ ಒಂದು ಸಾಕು.

ಇದಕ್ಕೆ ಮಾತ್ರ ಕೈ ಹಾಕಬೇಡಿ

ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮಿಕ್ಕಿ ಉಳಿದಿರಬಹುದು, ಜೀವಕ್ಕೇ ಅಪಾಯ. ಯುಪಿಎಸ್, ಇನ್ವರ್ಟರ್ ಒಳಭಾಗವೂ ಹಾಗೆಯೇ. ಬಿಸಿಯಿಂದ ಬಂದ್ ಆಗುವುದನ್ನು ತಪ್ಪಿಸಲು ಬಯೋಸ್‌ನಲ್ಲಿ ಉಷ್ಣಾಂಶದ ಮಿತಿ ಏರಿಸುವುದು, ಎಚ್ಚರಿಕೆ ಆಫ್ ಮಾಡುವುದು ಕೂಡ ಬೇಡ.

ರಿಪೇರಿ ಅಂಗಡಿಗೆ ಹೋಗುವಾಗ

‘ಬಂದ್ ಆಗ್ತದ’ ಎಂದಷ್ಟೇ ಹೇಳಿದರೆ ವಿಂಡೋಸ್ ಮತ್ತೆ ಹಾಕಿ ಕಳಿಸಿಬಿಡಬಹುದು. ಡೇಟಾ ಹೋಗುತ್ತದೆ, ರೋಗ ಉಳಿಯುತ್ತದೆ. ಬದಲಿಗೆ ಈ ಐದನ್ನು ಚೀಟಿಯಲ್ಲಿ ಬರೆದು ಕೊಡಿ: ಮೂರರಲ್ಲಿ ಯಾವ ರೀತಿ ಬಂದ್ ಆಗುತ್ತದೆ, ಯಾವ ಹೊತ್ತಿನಲ್ಲಿ, ಆಗ ಯಾವ ಕೆಲಸ ನಡೆದಿತ್ತು, ಈವೆಂಟ್ ವ್ಯೂವರ್‌ನಲ್ಲಿ ಕಂಡ ಸಂಖ್ಯೆ, ಯುಪಿಎಸ್ ತಪ್ಪಿಸಿ ನೋಡಿದಾಗ ಏನಾಯಿತು. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ ಪಡೆಯಿರಿ.

ಎಲ್ಲಿಯವರೆಗೆ ಇಟ್ಟುಕೊಳ್ಳಬಹುದು?

ಧೂಳು, ಪೇಸ್ಟ್, ಯುಪಿಎಸ್ ಬ್ಯಾಟರಿ, ಎಸ್‌ಎಂಪಿಎಸ್ ಇಷ್ಟರಲ್ಲಿ ಮುಗಿದರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಮದರ್‌ಬೋರ್ಡೇ ಹೋಗಿದ್ದರೆ ಆ ಕಾಲದ ಬೋರ್ಡ್ ಹುಡುಕುವುದಕ್ಕಿಂತ ಬೇರೆ ಯಂತ್ರ ನೋಡುವುದು ಲೇಸು.

ಇನ್ನೊಂದು ಲೆಕ್ಕವೂ ಇದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಹತ್ತು-ಹನ್ನೆರಡು ವರ್ಷ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಜನರ ಆಧಾರ್, ಬ್ಯಾಂಕ್ ವಿವರ ತುಂಬುವ ಯಂತ್ರಕ್ಕೆ ಸುರಕ್ಷಾ ಅಪ್‌ಡೇಟ್ ನಿಂತಿದ್ದರೆ ಅದನ್ನು ಆ ಕೆಲಸದಿಂದ ಬಿಡಿಸಿ, ಟೈಪಿಂಗ್, ಬಿಲ್, ಮಕ್ಕಳ ಕಲಿಕೆಗೆ ಬಳಸುವುದು ಒಳ್ಳೆಯದು. ಬ್ರೌಸರ್ ಸಾಕು ಅನ್ನುವವರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಕೂಡ ಒಂದು ದಾರಿ.

ಅಲ್ಲಿಯವರೆಗೆ ಮೂರು ರೂಢಿ ಇರಲಿ. ಬೇಸಿಗೆಗೆ ಮುನ್ನ ಫೆಬ್ರವರಿಯಲ್ಲಿ ಒಮ್ಮೆ, ದಸರೆಯ ಆಯುಧ ಪೂಜೆಗೆ ಅಂಗಡಿ ಸ್ವಚ್ಛ ಮಾಡುವಾಗ ಒಮ್ಮೆ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯುವುದು. ತಿಂಗಳಿಗೊಮ್ಮೆ ಬಲ್ಬ್ ಹಾಕಿ ಯುಪಿಎಸ್ ನೋಡುವುದು. ದಿನದ ಕೊನೆಗೆ ಫೈಲ್ ಕಾಪಿ ಮಾಡುವುದು. ಅರ್ಜಿಯ ಕೊನೆಯ ದಿನ ಬಾಗಿಲಲ್ಲಿ ಸಾಲು ನಿಂತಾಗ ಇವುಗಳ ಬೆಲೆ ಗೊತ್ತಾಗುತ್ತದೆ.